ಹದಿನಾಲ್ಕನೇ ಕಾಲಮ್

ಮಾರ್ಚ್ ತಿಂಗಳ ಬಿಸಿಲಿನಲ್ಲಿ
ನೀರನ್ನು ಅಳೆಯಲು ಹೊರಟಿದ್ದೆವು:
ನಾನು, ಫೈರ್ ಸ್ಟೇಷನ್ನಿನ ಸುಧಾಕರನ್,
ಐವತ್ತು ಮೀಟರಿನ ಟೇಪು, ಒಂದು ಬಾಟ್ಲಿ ಬೊಂಡದ ನೀರು,
ವಿದ್ಯಾನಗರದ ಆಫೀಸಿನವರು ಕೊಟ್ಟ ನಕ್ಷೆ.
ಅದರಲ್ಲಿ ಕಾಸರಗೋಡು
ಕಟ್ಟಿಟ್ಟ ಮಾವಿನಕಾಯಿಯ ಹಾಗೆ
ಒಂದು ಮಗ್ಗುಲು ಹಸಿರು, ಒಂದು ಹಳದಿ,
ಹೊಳೆಯ ಬದಿಗೆ ಕೆಂಪು.

ಸುಧಾಕರನಿಗೆ ನಕ್ಷೆ ಬೇಡ.
ಓಣಿಯ ಬಾಯಲ್ಲಿ ನಿಂತು ಎರಡೂ ಕೈ ಚಾಚುತ್ತಾನೆ.
ಬೆರಳ ತುದಿ ಎರಡೂ ಗೋಡೆಗೆ ತಾಗಿದರೆ
"ನಮ್ಮ ಗಾಡಿ ಹೋಗುವುದಿಲ್ಲ, ಬರ್ಕೊಳ್ಳಿ."
ತಳಂಗರೆಯಲ್ಲಿ ಹನ್ನೊಂದು ಸಲ ತಾಗಿತು.
ಹನ್ನೆರಡನೆಯದರಲ್ಲಿ ತಾಗಲಿಲ್ಲ, ಆದರೆ
ನಡುಮಧ್ಯೆ ಯಾರದೋ ಮದುವೆ ಚಪ್ಪರದ ಕಂಬ.
"ತಾತ್ಕಾಲಿಕ ಅಡ್ಡಿ" ಎಂದು ಬರೆಯುತ್ತಿದ್ದಂತೆ
ಒಳಗಿನಿಂದ ಎರಡು ಲೋಟ ಶರಬತ್ತು ಬಂತು.

ಚೆರ್ಕಳದ ತಿರುವಿನಲ್ಲಿ ಹೊಸ ಹೆದ್ದಾರಿ
ಗುಡ್ಡವನ್ನು ನೆಟ್ಟಗೆ ಕೊಯ್ದಿದೆ.
ಮೇಲೆ ಮುರಕಲ್ಲು, ಕೆಳಗೆ ಬೆಳ್ಳಗೆ ಶೇಡಿಮಣ್ಣು.
"ಗಟ್ಟಿ ಕಾಣುವುದು ಮೇಲಿನದ್ದು, ಜಾರುವುದು ಅಡಿಯದ್ದು"
ಎಂದ ಐತಪ್ಪ. ಸುರಂಗ ತೋಡುವವ,
ನಲುವತ್ತು ವರ್ಷ ಗುಡ್ಡದ ಹೊಟ್ಟೆಯೊಳಗೆ
ನೀರು ಹುಡುಕುತ್ತ ಮೊಣಕಾಲಲ್ಲಿ ನಡೆದವ.
"ಮೇಣದಬತ್ತಿ ನಂದಿತೋ, ಹಿಂದೆ ಬರಬೇಕು. ಅಷ್ಟೇ ನಮ್ಮ ಇಲಾಖೆ."
ಅವನ ಲೆಕ್ಕದಲ್ಲಿ ಆ ಗುಡ್ಡದೊಳಗೆ ಹದಿನೇಳು ಸುರಂಗ.
ನಮ್ಮ ಲೆಕ್ಕದಲ್ಲಿ ಸೊನ್ನೆ.
ಕೋಲಿನಿಂದ ಧೂಳಿನ ಮೇಲೆ ಹದಿನೇಳನ್ನೂ ಗೀಚಿ ತೋರಿಸಿದ;
ನಾನು ಫೋಟೋ ತೆಗೆಯುವ ಮೊದಲೇ
ಟಿಪ್ಪರೊಂದು ಅದರ ಮೇಲೆ ಹಾದುಹೋಯಿತು.

ಫಾರಮು ಬಂದದ್ದು ಮಲಯಾಳದಲ್ಲಿ.
ಕನ್ನಡಕ್ಕೆ ತಿರುಗಿಸಿದವನು ನಾನೇ.
ವೆಳ್ಳಪ್ಪೊಕ್ಕಂ ಎಂಬ ಉದ್ದ ಪದಕ್ಕೆ
ಹದಿನಾಲ್ಕನೇ ಕಾಲಮಿನಲ್ಲಿ, ಜಾಗ ಸಾಲದೆ,
ನೆರೆ ಎಂದು ಎರಡೇ ಅಕ್ಷರ ಹಾಕಿದ್ದೆ.

ಹೊಳೆಬದಿಯ ಕೊನೆಯ ಮನೆ.
ರವಿಕೆ ಹೊಲಿಯುವ ಅಂಬುಜಾಕ್ಷಿ ಕಾಲು ನಿಲ್ಲಿಸಲಿಲ್ಲ.
"ಇಲ್ಲಿ ನೆರೆ ಹೇಗೆ?" ಎಂದೆ.

"ಹೇಗೆ ಅಂದರೆ? ಮೊದಲು ಒಳ್ಳೆದಿತ್ತು.
ಬಲಗಡೆ ನಫೀಸ, ದಿನಕ್ಕೆ ಮೂರು ಸಲ ಸಕ್ಕರೆಗೆ ಬರುವವಳು.
ಅವಳು ಮಗಳ ಜೊತೆ ಉಪ್ಪಳಕ್ಕೆ ಹೋದಳು, ಅದೀಗ ಲಾಡ್ಜು.
ಎದುರಿನವರು ಕ್ಯಾಮೆರಾ ಹಾಕಿಸಿದ್ದಾರೆ, ಮುಖ ತೋರಿಸುವುದಿಲ್ಲ.
ಎಡಗಡೆ ಒಡಿಶಾದ ಹುಡುಗರು, ಒಂಬತ್ತು ಮಂದಿ.
ಹೆಸರು ತಿಳಿಯದು, ಅಂಗಿಯ ಅಳತೆ ಗೊತ್ತು.
ರಾತ್ರಿ ಪಾಳಿ. ಹಗಲು ಮಲಗುತ್ತಾರೆ, ನೆಲದಲ್ಲೇ."

ಟೇಪು ಸುತ್ತುತ್ತಿದ್ದ ಸುಧಾಕರನ್ ನಿಂತ.
"ನೆಲದಲ್ಲಾ?"
"ನೆಲದಲ್ಲೇ. ಕಿಟಕಿ ಹೊಳೆಯ ಕಡೆಗೆ."

ಅದಲ್ಲಮ್ಮ, ನೀರಿನ ನೆರೆ, ಎನ್ನಲು
ತೆರೆದ ಬಾಯಿಯನ್ನು ನಾನು ಮುಚ್ಚಿಕೊಂಡೆ.

ಆಮೇಲೆ ಅವಳೇ ಎದ್ದಳು. ದಾರಂದದ ಮೇಲೆ
ಟೈಲರ್ ಸೀಮೆಸುಣ್ಣದ ಒಂದು ನೀಲಿ ಗೆರೆ,
ನನ್ನ ಸೊಂಟದಷ್ಟು ಎತ್ತರಕ್ಕೆ.
"ಆ ರಾತ್ರಿ ಬಾಗಿಲು ಬಡಿದು ಎಬ್ಬಿಸಿದ್ದು ನಫೀಸ.
ನಿಮ್ಮ ಸೈರನ್ ಮರುದಿನ ಕೂಗಿತು."

ಸಂಜೆ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತೆ.
ಹದಿನಾಲ್ಕನೇ ಕಾಲಮ್ ಅಂಕೆಯನ್ನಷ್ಟೇ ತೆಗೆದುಕೊಳ್ಳುತ್ತದೆ.
ತೊಂಬತ್ತೆರಡು ಎಂದು ಕೊಟ್ಟೆ, ಸೆಂಟಿಮೀಟರ್.
ಉಳಿದದ್ದು ಷರಾದಲ್ಲಿ. ಅದಕ್ಕೂ ಮಿತಿ ಇದೆಯಂತೆ:
ಒಂಬತ್ತು ಮಂದಿ. ಹಗಲು. ನೆಲದಲ್ಲಿ. ಕಿಟಕಿ ಹೊ
ಅಲ್ಲಿಗೆ ನಿಂತಿತು.

ರಾತ್ರಿ ಊಟದ ಹೊತ್ತಿಗೆ ಸುಧಾಕರನ ಫೋನು.
"ಒಡಿಯಾದಲ್ಲಿ 'ಏಳಿ, ಏಳಿ' ಅನ್ನುವುದಕ್ಕೆ ಏನು ಹೇಳ್ತಾರೆ?"
ಗೊತ್ತಿಲ್ಲ ಎಂದೆ.
"ಹಾಗಾದರೆ ನಾಳೆ ಹೋಗಿ ಕೇಳಿ ಬರುವ.
ನಾಲ್ಕರ ಮೇಲೆ ಹೋಗುವ. ಅಲ್ಲಿವರೆಗೆ ಮಲಗಲಿ."